ನಾಯಿಯನ್ನು ಪೌಂಡಿಗೆ ಹಾಕೋದು ಅಂದರೇನು?

ಮನೆಯಲ್ಲಿ ಇಂಗ್ಲಿಷ್ ಕಥೆ ಓದುವ ಮಕ್ಕಳಿದ್ದರೆ ನಿಮ್ಮನ್ನೂ ಕೇಳಿರುತ್ತಾರೆ: "ಅಮ್ಮಾ, ನಾಯೀನ ಪೌಂಡಿಗೆ ಹಾಕಿದರು ಅಂತಿದೆ, ಹಾಗಂದ್ರೇನು?" ಇಂಗ್ಲೆಂಡಿನ ದುಡ್ಡು ಪೌಂಡ್ ನಮಗೆ ಗೊತ್ತು. ಬೇಕರಿಯಲ್ಲಿ ಒಂದು ಪೌಂಡ್ ಬ್ರೆಡ್ ಕೇಳಿದ್ದೂ ಉಂಟು. ಇದು ಯಾವ ಪೌಂಡು?

ಕೆನ್ನೆಲ್ ಆಗಿದ್ದರೆ ಸುಲಭವಿತ್ತು. ಲ್ಯಾಟಿನ್ನಿನಲ್ಲಿ ನಾಯಿಗೆ ಕ್ಯಾನಿಸ್ ಅಂತಾರೆ, ಅದು ಫ್ರೆಂಚಿನ ಮೂಲಕ ಬಂದು ಕೆನ್ನೆಲ್ ಆಯಿತು. ಪೌಂಡಿನಲ್ಲಿ ಮಾತ್ರ ನಾಯಿಯ ಸುಳಿವೇ ಇಲ್ಲ. ದುಡ್ಡಿನ ಪೌಂಡು ಲ್ಯಾಟಿನ್ನಿನ ತೂಕದ ಮಾತಿನಿಂದ ಬಂದದ್ದು. ನಾಯಿಯ ಪೌಂಡು ಹಳೆಯ ಇಂಗ್ಲಿಷಿನದು, ಸುತ್ತ ಕಟ್ಟಿದ ಆವರಣ ಅಂತ ಅರ್ಥ. ಕೊಳಕ್ಕೆ ಪಾಂಡ್ ಅನ್ನುತ್ತಾರಲ್ಲ, ಅದೂ ಇದರ ಒಡಹುಟ್ಟೇ. ಕಟ್ಟೆ ಹಾಕಿ ನಿಲ್ಲಿಸಿದ ನೀರು ನೋಡಿ!

ಆ ಆವರಣದೊಳಗೆ ಮೊದಲು ಇದ್ದದ್ದು ದನ, ಕುರಿ. ಪರರ ಹೊಲಕ್ಕೆ ನುಗ್ಗಿದ ದನವನ್ನು ಇಂಗ್ಲೆಂಡಿನ ಹಳ್ಳಿಗಳಲ್ಲಿ ಪೌಂಡಿಗೆ ಕೂಡುತ್ತಿದ್ದರು. ಯಜಮಾನ ದಂಡ ಕೊಟ್ಟು ಬಿಡಿಸಿಕೊಳ್ಳಬೇಕು. ಹಳ್ಳಿಯಲ್ಲಿ ಬೆಳೆದವರಿಗೆ ಇಷ್ಟು ಹೊತ್ತಿಗೆ ಹೊಳೆದಿರುತ್ತೆ, ನಮ್ಮ ದನದ ದೊಡ್ಡಿಯೇ ಇದು! ಉತ್ತರ ಕರ್ನಾಟಕದ ಕಡೆ ಕೊಂಡವಾಡ ಅಂತಾರೆ. ಬ್ರಿಟಿಷರು ಇಲ್ಲಿ 1871ರಲ್ಲಿ ಮಾಡಿದ ಕಾಯಿದೆಯಲ್ಲಿ ದೊಡ್ಡಿಗೆ ಇರುವ ಮಾತೂ ಪೌಂಡೇ. ಯಾರೂ ಬಿಡಿಸಿಕೊಳ್ಳದ ದನವನ್ನು ಹರಾಜು ಹಾಕಬೇಕೆಂದೂ ಅದರಲ್ಲಿದೆ.

ದನವನ್ನು ಕೊಳ್ಳುವವರಿದ್ದಾರೆ. ಬೀದಿನಾಯಿಯನ್ನು ಯಾರು ಕೊಳ್ಳುತ್ತಾರೆ? ಪಟ್ಟಣಗಳು ಬೆಳೆದು ಪೌಂಡಿಗೆ ನಾಯಿಗಳು ಬಂದ ಮೇಲೆ, ಯಾರೂ ಕೇಳದವನ್ನು ಕೊಂದುಹಾಕುವುದು ನಡೆಯಿತು. 19ನೇ ಶತಮಾನದ ನ್ಯೂಯಾರ್ಕಿನಲ್ಲಿ ಅವುಗಳನ್ನು ಕಬ್ಬಿಣದ ಪಂಜರಕ್ಕೆ ತುಂಬಿ ನದಿಗೆ ಇಳಿಸುತ್ತಿದ್ದರಂತೆ. ಬರೆಯುವುದಕ್ಕೇ ಕೈ ಬರೋಲ್ಲ. ಕಥೆಯಲ್ಲಿ ಪೌಂಡು ಅಂದ ಕೂಡಲೇ ಮಕ್ಕಳ ಮುಖ ಸಪ್ಪಗಾಗೋದು ಇದಕ್ಕೇ.

ಈ ಮಾತನ್ನು ಬದಿಗಿಟ್ಟವಳು ಒಬ್ಬ ಹೆಂಗಸು. ಲಂಡನ್ನಿನ ಮೇರಿ ಟೀಲ್ಬಿ 1860ರಲ್ಲಿ ಹಾಲೊವೇ ಎಂಬಲ್ಲಿ ದಾರಿ ತಪ್ಪಿದ, ಹಸಿದ ನಾಯಿಗಳಿಗೆ ಜಾಗ ಮಾಡಿದಳು. ಅದಕ್ಕೆ ಪೌಂಡ್ ಅನ್ನಲಿಲ್ಲ, ಹೋಮ್ ಅಂದಳು, ಮನೆ. 'ಟೈಮ್ಸ್' ಪತ್ರಿಕೆ ಗೇಲಿ ಮಾಡಿತು. ಎರಡು ವರ್ಷದ ಮೇಲೆ ಚಾರ್ಲ್ಸ್ ಡಿಕನ್ಸರ ಪತ್ರಿಕೆ ಆಕೆಯ ಪರ ನಿಂತಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1869ರಲ್ಲಿ ಸಂಘ ಕಟ್ಟಿ ಪ್ರಾಣಿಗಳಿಗೆ ಆಶ್ರಯ ಕೊಡಲು ಹೊರಟವರೂ ಹೆಂಗಸರೇ, ಕ್ಯಾರೊಲಿನ್ ಅರ್ಲ್ ವೈಟ್ ಮತ್ತು ಗೆಳತಿಯರು. ಅವರು ಆರಿಸಿದ ಮಾತು ಶೆಲ್ಟರ್, ಅಂದರೆ ಆಸರೆ.

ಮೇರಿ 1865ರಲ್ಲೇ ತೀರಿಕೊಂಡಳು. ಆಕೆಯ 'ಮನೆ' 1871ರಲ್ಲಿ ಬ್ಯಾಟರ್ಸೀಗೆ ಹೋಯಿತು, ಈಗಲೂ ನಡೀತಿದೆ. 1883ರಿಂದ ಬೆಕ್ಕುಗಳಿಗೂ ಅಲ್ಲಿ ಜಾಗವಿದೆ.