ಲೇಖಕನು ಊರೂರು ತಿರುಗಿ ಮಾತನಾಡಬೇಕೆ?

ನವರಾತ್ರಿ ಸಮೀಪಿಸಿದೊಡನೆ, ಅದು ಕಳೆದ ಬಳಿಕ ನವೆಂಬರ್ ತಿಂಗಳು ಪೂರ್ತಿ, ಕನ್ನಡ ಲೇಖಕರ ಮನೆಗಳಿಗೆ ಸಂಘಗಳ ಕಾರ್ಯದರ್ಶಿಗಳು ಎಡತಾಕುವುದು ನಮ್ಮಲ್ಲಿ ಬೆಳೆದುಬಂದ ವಾಡಿಕೆ. ಬಡಾವಣೆಯ ಕನ್ನಡ ಸಂಘ, ಮಹಿಳಾ ಸಮಾಜ, ಕಾರ್ಖಾನೆಯ ನೌಕರರ ಬಳಗ, ನಿವೃತ್ತರ ಕೂಟ, ಹಳ್ಳಿಯ ಯುವಕ ಮಂಡಲಿ, ಇವರೆಲ್ಲರಿಗೂ ಒಂದು ಉಪನ್ಯಾಸ ಬೇಕು. ಈಚೆಗೆ ಉಪನ್ಯಾಸದ ಜತೆಗೆ ಎರಡು ದಿನದ ಕಥಾ ಕಮ್ಮಟವೂ ಬೇಕು. ಲೇಖಕನಾದವನು ಈ ಕರೆಗಳಿಗೆ ಓಗೊಟ್ಟು ಹೋಗತಕ್ಕದ್ದೋ, ಮನೆಯಲ್ಲಿ ಕುಳಿತು ಬರೆಯತಕ್ಕದ್ದೋ ಎಂಬ ಪ್ರಶ್ನೆಯ ಎರಡು ಪಕ್ಷಗಳನ್ನೂ ಅವುಗಳ ಬಲ ಕುಂದದಂತೆ ಹೇಳಲು ಇಲ್ಲಿ ಯತ್ನಿಸಿದೆ. ನನ್ನ ಒಲವು ಎರಡನೆಯದರ ಕಡೆಗೆ ತುಸು ವಾಲಿರುವುದನ್ನು ವಾಚಕರು ಗಮನದಲ್ಲಿಟ್ಟುಕೊಂಡೇ ಓದಬೇಕೆಂದು ವಿನಂತಿ.

ಪರ

ಕನ್ನಡದ ಹೊಸ ಸಾಹಿತ್ಯವು ಮುದ್ರಣಾಲಯದಲ್ಲಿ ಜನಿಸಿತೆನ್ನುವವರು ಅರ್ಧ ಸತ್ಯವನ್ನು ಮಾತ್ರ ನುಡಿಯುತ್ತಾರೆ. ಉಳಿದರ್ಧವು ಸಭಾಭವನಗಳಲ್ಲಿ ನಡೆದುಹೋಯಿತು. 1890ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘದ ವೇದಿಕೆಯಿಂದ 1911ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಕನ್ನಡ ಮಾತು ತಲೆ ಎತ್ತುವ ಬಗೆಯನ್ನು ಕುರಿತು ಮಾಡಿದ ಭಾಷಣವನ್ನು ಬಲ್ಲವರಿಗೆ, ಇಂಗ್ಲಿಷ್ ಕಲಿತವನು ಕನ್ನಡದಲ್ಲಿ ಬರೆಯುವುದು ಕೀಳಲ್ಲವೆಂಬ ಧೈರ್ಯವು ಆ ಕಾಲದ ತರುಣರಿಗೆ ಎಲ್ಲಿಂದ ಬಂದಿತೆಂದು ವಿವರಿಸಬೇಕಾಗಿಲ್ಲ. ಗಳಗನಾಥರು ತಾವು ಬರೆದ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರಿಂದೂರಿಗೆ ಅಲೆದರು; ಓದುಗನು ತಮ್ಮನ್ನು ಹುಡುಕಿಕೊಂಡು ಬರಲೆಂದು ಜಗಲಿಯ ಮೇಲೆ ಕಾದು ಕೂರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯವು ವಿದ್ವಾಂಸರನ್ನು ಊರೂರಿಗೆ ಕಳುಹಿಸಿ ಪ್ರಚಾರೋಪನ್ಯಾಸಗಳನ್ನು ಮಾಡಿಸಿ, ಆ ಮಾತುಗಳನ್ನೇ ಕಿರುಹೊತ್ತಗೆಗಳಾಗಿ ಅಲ್ಪ ಬೆಲೆಗೆ ಅಚ್ಚು ಹಾಕಿಸಿದುದರಿಂದ, ಕಾಲೇಜಿನ ಮೆಟ್ಟಿಲನ್ನೇ ಹತ್ತದವರ ಕೈಗೂ ಕಾವ್ಯ, ವಿಜ್ಞಾನ, ಇತಿಹಾಸಗಳು ತಲಪಿದುವು. ಡಿ. ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಲ್ಲಿ ಗೀತೆಯನ್ನು ಕುರಿತು ಮಾಡಿದ ವ್ಯಾಖ್ಯಾನಗಳಿಂದಲೇ ‘ಜೀವನಧರ್ಮಯೋಗ’ ರೂಪುಗೊಂಡಿತು. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಅದಕ್ಕೇ ಸಂದಿತು. ಹೀಗಿರಲು ಮಾತು ಬರವಣಿಗೆಗೆ ಶತ್ರುವೆಂದು ಹೇಳುವುದೆಂತು?

ಕಮ್ಮಟದ ಪ್ರಯೋಜನವಂತೂ ಇನ್ನೂ ಸೂಕ್ಷ್ಮವಾದುದು. ಮಹಿಳಾ ಸಮಾಜವೊಂದರ ಕೊಠಡಿಯಲ್ಲಿ ಜಮಖಾನದ ಮೇಲೆ ಕುಳಿತ ಹದಿನೈದಿಪ್ಪತ್ತು ಮಂದಿ ಗೃಹಿಣಿಯರಿಗೆ, ತವರು ಎಂಬ ಶಬ್ದವನ್ನಾಗಲಿ ಪ್ರೀತಿ ಎಂಬ ಶಬ್ದವನ್ನಾಗಲಿ ಉಪಯೋಗಿಸದೆ ತವರುಮನೆಯನ್ನು ವರ್ಣಿಸಿರೆಂದು ಲೇಖಕಿಯೊಬ್ಬಳು ಹೇಳಿದಳೆನ್ನಿ. ಮೊದಮೊದಲು ಯಾರ ಲೇಖನಿಯೂ ಚಲಿಸುವುದಿಲ್ಲ. ಒಬ್ಬರ ಮುಖವನ್ನೊಬ್ಬರು ನೋಡಿ ನಗುತ್ತಾರೆ. ‘ನಮಗೆಲ್ಲಿ ಬರುತ್ತಮ್ಮಾ ಇದೆಲ್ಲ’ ಎಂದು ಹಿರಿಯಾಕೆಯೊಬ್ಬರು ಕಾಗದವನ್ನು ಮಡಿಚಿಡುತ್ತಾರೆ. ಅಷ್ಟರಲ್ಲಿ ಮೂಲೆಯಲ್ಲಿ ಕುಳಿತವಳು ಬಚ್ಚಲ ಒಲೆಯ ಬೂದಿಯನ್ನೂ, ಆ ಬೂದಿಯೊಳಗೆ ಅಮ್ಮ ಹುಗಿದಿಟ್ಟ ಗೆಣಸನ್ನೂ, ಕೆದಕಿ ತೆಗೆದಾಗ ದೊಡ್ಡದು ತಮ್ಮನಿಗೂ ಚಿಕ್ಕದು ತನಗೂ ಬಂದುದನ್ನೂ ನಾಲ್ಕೇ ಸಾಲುಗಳಲ್ಲಿ ಬರೆದು, ತಲೆಯೆತ್ತದೆ ಓದಿಬಿಡುತ್ತಾಳೆ. ಕಾಗದವನ್ನು ಮಡಿಚಿಟ್ಟ ಹಿರಿಯಾಕೆ ಅದನ್ನು ಮತ್ತೆ ಬಿಡಿಸುತ್ತಾರೆ. ಆ ನಾಲ್ಕು ಸಾಲುಗಳು ಯಾವ ಪತ್ರಿಕೆಯಲ್ಲಿಯೂ ಅಚ್ಚಾಗಬೇಕಾದುದಿಲ್ಲ, ಅವಳು ಮುಂದೆ ಕಥೆಗಾರ್ತಿಯಾಗಬೇಕಾದುದೂ ಇಲ್ಲ. ಆದರೆ ಒಂದು ವಾಕ್ಯವನ್ನು ನಿಲ್ಲಿಸುವ ಕಷ್ಟವನ್ನು ಸ್ವತಃ ಅನುಭವಿಸಿದ ಅವಳು ಇನ್ನು ಮೇಲೆ ಮಾಸ್ತಿಯವರ ಕಥೆಯನ್ನು ಓದುವ ರೀತಿಯೇ ಬೇರೆಯಾಗುತ್ತದೆ. ಕಮ್ಮಟಗಳು ಲೇಖಕರನ್ನು ತಯಾರಿಸುವುದಿಲ್ಲವೆಂಬ ಆಕ್ಷೇಪಣೆಗೆ, ಅವು ಓದುಗರನ್ನು ತಯಾರಿಸುತ್ತವೆಂಬುದೇ ತಕ್ಕ ಸಮಾಧಾನ.

ಸಾವಿರ ಪ್ರತಿಗಳ ಒಂದು ಮುದ್ರಣವು ಖರ್ಚಾಗಲು ವರ್ಷಗಳೇ ಹಿಡಿಯುವ ನಾಡಿನಲ್ಲಿ, ಸಭೆಯ ಬಾಗಿಲ ಬಳಿ ಮೇಜು ಹಾಕಿ ಮಾರಿದ ಇಪ್ಪತ್ತು ಪುಸ್ತಕಗಳೂ ಗಣ್ಯವೇ ಎಂಬುದು ಹೆಚ್ಚು ವಿವರಣೆ ಬೇಡದ ಮಾತು.

ವಿರೋಧ

ಪೂರ್ವಪಕ್ಷವು ಮುಂದಿಟ್ಟ ನಿದರ್ಶನಗಳೇ ಉತ್ತರಪಕ್ಷಕ್ಕೂ ಬೇಕಾದಷ್ಟು ಸಾಮಗ್ರಿಯನ್ನು ಒದಗಿಸುತ್ತವೆ. ಶ್ರೀಕಂಠಯ್ಯನವರ ಭಾಷಣಗಳಿಂದ ಕನ್ನಡಕ್ಕಾದ ಉಪಕಾರವನ್ನು ಅಲ್ಲಗಳೆಯುವವರಿಲ್ಲ. ಆದರೂ ಅಷ್ಟು ವಿದ್ವತ್ತೂ ಅಷ್ಟು ಪ್ರತಿಭೆಯೂ ಇದ್ದವರು ಬರೆದುಳಿಸಿದ ಕೃತಿಗಳ ಮೊತ್ತ ಇಷ್ಟು ಚಿಕ್ಕದಾಗಬಾರದಿತ್ತೆಂದು, ಅವರ ಪುಸ್ತಕಗಳನ್ನು ಕಪಾಟಿನಲ್ಲಿ ಒಂದೆಡೆ ಜೋಡಿಸಿ ನೋಡಿದ ಯಾರಿಗಾದರೂ ಅನ್ನಿಸದಿರದು. ಗುಂಡಪ್ಪನವರ ಗೀತಾವ್ಯಾಖ್ಯಾನವಾದರೋ, ಹಾರ ಹಾಕಿಸಿಕೊಂಡು, ಒಂದು ಗಂಟೆ ಮಾತನಾಡಿ, ರಾತ್ರಿಯ ಬಸ್ಸು ಹಿಡಿಯುವ ಬಗೆಯದಲ್ಲ. ಒಂದೇ ಸ್ಥಳದಲ್ಲಿ, ಆಸಕ್ತರಾದ ಕೆಲವರ ಮುಂದೆ, ಗ್ರಂಥವನ್ನು ಎದುರಿಗಿಟ್ಟುಕೊಂಡು ಮುಂದುವರಿಸಿದ ಅಧ್ಯಯನ ಅದು. ಅದರ ಕೀರ್ತಿಯನ್ನು ವಾರ್ಷಿಕೋತ್ಸವದ ಉಪನ್ಯಾಸಕ್ಕೆ ವರ್ಗಾಯಿಸಿಕೊಳ್ಳುವುದು ನ್ಯಾಯವಲ್ಲ.

ಕೈಲಾಸಂ ಅವರ ಹೆಸರನ್ನು ಪೂರ್ವಪಕ್ಷದವರು ಎತ್ತಲೇ ಇಲ್ಲ, ಎತ್ತದಿದ್ದುದು ಜಾಣತನ. ಆಡುಮಾತಿನ ನಾಟಕವನ್ನು ಕನ್ನಡಕ್ಕೆ ಕೊಟ್ಟ ಆ ಮಹಾಶಯರು 1946ರಲ್ಲಿ ತೀರಿಕೊಂಡಾಗ, ಕೇಳಿದವರ ನೆನಪಿನಲ್ಲಿ ಉಳಿದಿದ್ದಷ್ಟು ಕೈಲಾಸಂ ಕಾಗದದ ಮೇಲೆ ಉಳಿದಿರಲಿಲ್ಲ. ಅಚ್ಚಾದ ನಾಟಕಗಳಲ್ಲಿಯೂ ಕೆಲವು ಅವರು ಹೇಳುತ್ತ ಹೋದಂತೆ ಹತ್ತಿರದವರು ಬರೆದುಕೊಂಡವು. ಬರೆದುಕೊಳ್ಳುವವರಿಲ್ಲದ ಸಂಜೆಗಳಲ್ಲಿ ಏನೇನು ಗಾಳಿಯ ಪಾಲಾಯಿತೋ ಲೆಕ್ಕವಿಟ್ಟವರಿಲ್ಲ. ಕೇಳುಗರ ಎದುರಿನಲ್ಲಿ ಒಮ್ಮೆ ಸಂಪೂರ್ಣವಾಗಿ ಹೇಳಿಬಿಟ್ಟ ಕಥೆಯನ್ನು ಮರುದಿನ ಬೆಳಗ್ಗೆ ಒಬ್ಬನೇ ಕುಳಿತು ಬರೆಯುವ ಉತ್ಸಾಹ ಉಳಿಯುವುದಿಲ್ಲವೆಂಬುದನ್ನು ಬರೆಯುವವರೆಲ್ಲರೂ ಬಲ್ಲರು.

ಇನ್ನು ಸಭೆಯ ಸ್ವರೂಪವನ್ನು ನೋಡೋಣ. ಐದು ಗಂಟೆಗೆಂದು ಆಮಂತ್ರಣದಲ್ಲಿ ಅಚ್ಚಾದ ಕಾರ್ಯಕ್ರಮಕ್ಕೆ ಐದೂ ಮುಕ್ಕಾಲಿಗೆ ಪ್ರಾರ್ಥನೆ. ಅನಂತರ ಸ್ವಾಗತ, ದೀಪ ಬೆಳಗುವುದು, ವರದಿವಾಚನ, ದಾನಿಗಳಿಗೆ ಸನ್ಮಾನ, ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚು ಅಂಕ ಪಡೆದ ಸದಸ್ಯರ ಮಕ್ಕಳಿಗೆ ಬಹುಮಾನ. ಬಹುಮಾನ ಪಡೆದ ಮಕ್ಕಳನ್ನು ಕರೆದುಕೊಂಡು ತಾಯ್ತಂದೆಗಳು ಎದ್ದುಹೋದ ಮೇಲೆ ಉಳಿದ ಕುರ್ಚಿಗಳಿಗೆ ಉಪನ್ಯಾಸ. ಪರಿಚಯಿಸುವವರು ಮತ್ತೊಬ್ಬರ ಕಾದಂಬರಿಯೊಂದನ್ನೂ ಉದಾರವಾಗಿ ಅತಿಥಿಯ ಪಟ್ಟಿಗೇ ಸೇರಿಸಿರುತ್ತಾರೆ. ಅಷ್ಟರಲ್ಲಿ ಕಾರ್ಯದರ್ಶಿ ಬಗ್ಗಿ, ‘ಸಾರ್, ಒಂದಿಪ್ಪತ್ತು ನಿಮಿಷದಲ್ಲಿ ಮುಗಿಸಿಬಿಟ್ಟರೆ ಚೆನ್ನಾಗಿತ್ತು, ಅಡುಗೆಯವರು ಎಲೆ ಹಾಕ್ತಾ ಇದಾರೆ’ ಎಂದು ಕಿವಿಯಲ್ಲಿ ಉಸುರುತ್ತಾರೆ. ಶಾಮಿಯಾನದವನಿಗೂ ಮೈಕಿನವನಿಗೂ ಮುಂಗಡ ಕೊಟ್ಟಿರುವ ಸಂಘವು ಲೇಖಕನ ಪಾಲಿಗೆ ಮಾತ್ರ ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆಗಳನ್ನು ಗೊತ್ತುಮಾಡಿ, ಸಂಭಾವನೆಯ ಮಾತನ್ನು ಸಾಹಿತ್ಯಸೇವೆ ಎಂಬ ಪದದಿಂದ ತೀರಿಸಿಬಿಡುತ್ತದೆ. ಇಷ್ಟನ್ನೂ ಸಹಿಸಬಹುದು, ಸಹಿಸಲಾಗದ ಹಾನಿ ಬರವಣಿಗೆಯ ಒಳಗೆ ನಡೆಯುತ್ತದೆ. ಒಂದೂರಿನಲ್ಲಿ ನಗೆಯೆಬ್ಬಿಸಿದ ಮಾತು ಇನ್ನೊಂದೂರಿನಲ್ಲಿಯೂ ಎಬ್ಬಿಸುತ್ತದೆಂದು ತಿಳಿದ ಲೇಖಕನು ಕ್ರಮೇಣ ಆ ಮಾತುಗಳನ್ನೇ ಪೋಣಿಸಿಟ್ಟುಕೊಳ್ಳುತ್ತಾನೆ. ಸಂದೇಹವನ್ನು ಸಭೆ ಮೆಚ್ಚುವುದಿಲ್ಲವಾದ್ದರಿಂದ ಸಂದೇಹಪಡುವುದನ್ನು ಬಿಡುತ್ತಾನೆ. ಕಡೆಗೆ ತನ್ನ ಕೊಠಡಿಯಲ್ಲಿ ಒಬ್ಬನೇ ಬರೆಯುವಾಗಲೂ ಚಪ್ಪಾಳೆ ಬೀಳಬಹುದಾದ ಕಡೆಯಲ್ಲಿ ಪೂರ್ಣವಿರಾಮವಿಡುತ್ತಾನೆ.

ಗೆಣಸಿನ ನಾಲ್ಕು ಸಾಲುಗಳ ಮುಂದೆ ಮಾತ್ರ ಈ ಪಕ್ಷವು ಸ್ವಲ್ಪ ತಡೆಯಬೇಕಾಗುತ್ತದೆ. ಕಮ್ಮಟವೆಂದರೆ ಅಷ್ಟೇ ಆಗಿದ್ದರೆ ತಕರಾರಿಲ್ಲ. ಆದರೆ ಎರಡನೆಯ ದಿನ ಸಂಜೆ ಪ್ರಮಾಣಪತ್ರ, ಗುಂಪಿನ ಫೋಟೋ, ತಿಂಗಳೊಪ್ಪತ್ತಿನಲ್ಲಿ ಶಿಬಿರಾರ್ಥಿಗಳ ಖರ್ಚಿನಲ್ಲೇ ಒಂದು ಸಂಕಲನ. ಐದನೆಯ ಸಾಲನ್ನು ಬರೆದೆಯಾ ಎಂದು ಆ ಹೆಣ್ಣುಮಗಳನ್ನು ಕೇಳುವವರು ಯಾರೂ ಉಳಿದಿರುವುದಿಲ್ಲ. ಹೆಗ್ಗೋಡಿನ ನೀನಾಸಂ ನಡೆಸಿಕೊಂಡು ಬಂದ ಸಂಸ್ಕೃತಿ ಶಿಬಿರದಂತೆ, ಹಲವು ದಿನ ಒಂದೇ ಕಡೆ ತಂಗಿ, ಹಗಲು ಚರ್ಚಿಸಿ, ರಾತ್ರಿ ನಾಟಕ ನೋಡುವ ಏರ್ಪಾಡು ನಮ್ಮಲ್ಲಿ ಬಹು ವಿರಳ. 1949ರಿಂದ ಒಂದು ಹಳ್ಳಿಯಲ್ಲಿ ನೆಲೆನಿಂತು ಕೆಲಸ ಮಾಡಿದವರಿಗೆ ಅದು ಸಾಧ್ಯವಾಯಿತು. ವರ್ಷದ ಕೊನೆಗೆ ಖರ್ಚು ತೋರಿಸಲೇಬೇಕಾದ ಅನುದಾನಕ್ಕಾಗಿ ಕಮ್ಮಟ ಹೂಡುವವರಿಗೆ ಅದು ಸಾಧಿಸದು.

ಹಾಗಾದರೆ ಲೇಖಕನು ಬಾಗಿಲು ಮುಚ್ಚಿಕೊಂಡಿರಲಿ ಎಂದೇನೂ ಈ ಪಕ್ಷದ ವಾದವಲ್ಲ. ಕರೆಯುವ ಸಂಘವು ಆತನ ಒಂದು ಪುಸ್ತಕವನ್ನಾದರೂ ತಿಂಗಳ ಮುಂಚೆ ತರಿಸಿ ಹಂಚಿರಲಿ. ಓದಿದವರು ಮೆಚ್ಚಿದುದನ್ನೂ ಮೆಚ್ಚದುದನ್ನೂ ಗುರುತು ಹಾಕಿಕೊಂಡು ಬಂದಿರಲಿ. ಸ್ವಾಗತವೂ ಸನ್ಮಾನವೂ ಬೇರೊಂದು ದಿನಕ್ಕಿರಲಿ. ಅಂಥ ಹತ್ತು ಜನ ಒಂದು ಕೋಣೆಯಲ್ಲಿ ಕಾದಿದ್ದರೆ ಮೈಕಿನ ಅವಶ್ಯಕತೆಯೂ ಇಲ್ಲ, ಬಸ್ಸಿನ ಖರ್ಚನ್ನು ಲೇಖಕನೇ ಹಾಕಿಕೊಂಡಾನು.