ಜಿಗಿದು ಬಿದ್ದ ಆಟಗಳು

ಈ ಅಂಕಣದಲ್ಲಿ ನಾವು ಜಾತ್ರೆಯ ಕುರಿತು ಬರೆದಿದ್ದೇವೆ, ಜೋಳದ ಬೆಲೆಯ ಕುರಿತು ಬರೆದಿದ್ದೇವೆ; ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ ಎಂಬ ನಮ್ಮ ಗಡಿಯವರ ಎಂದಿನ ತಾಪತ್ರಯದ ಕುರಿತಂತೂ ಬೇಸರ ಬರುವಷ್ಟು ಬರೆದಿದ್ದೇವೆ. ವಿಡಿಯೋ ಗೇಮ್ ಕುರಿತು ಬರೆದೇವೆಂದು ಓದುಗ ಬಂಧುಗಳು ಎಣಿಸಿರಲಾರರು, ನಾವೂ ಎಣಿಸಿರಲಿಲ್ಲ. ಆದರೆ ಕಳೆದ ದೀಪಾವಳಿಯಲ್ಲಿ ಹನ್ನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅಣ್ಣನು ಇಪ್ಪತ್ತು ವರ್ಷಗಳ ಮೇಲೆ ಮತ್ತೊಮ್ಮೆ ಆಟದ ರಿಮೋಟನ್ನು ಕೈಗೆತ್ತಿಕೊಂಡನು. ಅದರ ಕಾರಣದಿಂದ ಈ ತಿಂಗಳ ಪುಟ ಆಟಕ್ಕೆ ಮೀಸಲು. ಎಲ್ಲ ಆಟಗಳಿಗೂ ಅಲ್ಲ, ಜಿಗಿತದ ಆಟಗಳಿಗೆ ಮಾತ್ರ: ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಜಿಗಿಯುವುದು, ನಡುವಿನ ಹೊಂಡದಲ್ಲಿ ಬಿದ್ದರೆ ಸಾಯುವುದು. ಬೇಸಗೆಯಲ್ಲಿ ಎರೆಹೊಲ ಬಾಯಿಬಿಟ್ಟಾಗ ಬಿರುಕಿನಿಂದ ಬಿರುಕಿಗೆ ಹಾರುತ್ತ ಬೆಳೆದವರಿಗೆ ಬೇರೆ ಆಟ ಹಿಡಿಸುವುದಾದರೂ ಹೇಗೆ?

1996ರಲ್ಲಿ ಅಣ್ಣನು ಸೋಲಾಪುರದ ಒಂದು ಚಾದರದ ಕಾರಖಾನೆಯಲ್ಲಿ ಪಾವರ್‌ಲೂಮ್ ನಡೆಸುತ್ತಿದ್ದನು. ಆ ವರ್ಷದ ಬೋನಸ್ಸಿನಲ್ಲಿ ಅವ್ವನಿಗೊಂದು ಸೀರೆ, ನಮಗೊಂದು ಟಿ.ವಿ. ಗೇಮ್ ತಂದನು. ಜಪಾನಿನ ನಿಂಟೆಂಡೊ ಕಂಪನಿಯು 1983ರಲ್ಲಿ ಹೊರತಂದ ಯಂತ್ರದ ನಕಲು ಅದೆಂಬುದು ನಮಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಕ್ಯಾಸೆಟ್ಟಿಗೆ ಬಾಯಿಂದ ಊದಿ ತೂರಿಸಿದರೆ ಆಟ ಬರುತ್ತಿತ್ತು. ಬರದಿದ್ದರೆ ಇನ್ನೊಮ್ಮೆ ಊದುವುದು. ಸೋಲಾಪುರದಲ್ಲಿ ಅಣ್ಣನ ಕೋಣೆಯ ಅಕ್ಕಪಕ್ಕದವರು ಒಬ್ಬರು ಮರಾಠಿಯವರು, ಒಬ್ಬರು ತೆಲುಗಿನವರು. ರಜೆಯಲ್ಲಿ ನಾವು ಅಲ್ಲಿಗೆ ಹೋದಾಗ ಮೂರು ಭಾಷೆಯ ಹುಡುಗರೂ ಒಂದೇ ಚಾಪೆಯ ಮೇಲೆ ಕುಳಿತು ಆಡುತ್ತಿದ್ದೆವು. ಪರದೆಯ ಮೇಲಿನ ಇಂಗ್ಲಿಷ್ ಅಕ್ಷರ ಯಾರಿಗೂ ಬೇಕಾಗಲಿಲ್ಲ.

ನಮ್ಮ ಮೆಚ್ಚಿಗೆಯ ಮೊದಲ ಮಣೆ 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಆಟಕ್ಕೆ. ಎಂಟು ಲೋಕ, ಲೋಕಕ್ಕೆ ನಾಲ್ಕು ಹಂತ, ಒಟ್ಟು 32. ಅದನ್ನು ಕಟ್ಟಿದ ಶಿಗೆರು ಮಿಯಾಮೊಟೊ ಅವರನ್ನು ನಾವು ಒಬ್ಬ ಒಳ್ಳೆಯ ಮಾಸ್ತರರೆಂದೇ ತಿಳಿದಿದ್ದೇವೆ. ಮೊದಲ ಹಂತವನ್ನೇ ನೋಡಿರಿ. ಒಂದು ಕಂದು ಪ್ರಾಣಿ ನಿಧಾನವಾಗಿ ಎದುರಿಗೆ ಬರುತ್ತದೆ. ಸುಮ್ಮನೆ ನಿಂತರೆ ಸಾಯುತ್ತೀರಿ, ಜಿಗಿಯಲು ಕಲಿಯುತ್ತೀರಿ. ಮುಂದೆ ಒಂದೆಡೆ ಎರಡು ಮೆಟ್ಟಿಲಸಾಲು ಎದುರುಬದುರು ನಿಂತಿವೆ, ನಡುವೆ ಗಟ್ಟಿ ನೆಲ. ತಪ್ಪಿ ಬಿದ್ದರೆ ಮೇಲೆದ್ದು ಮತ್ತೆ ಹತ್ತಬಹುದು. ತುಸು ಮುಂದೆ ಅಂಥವೇ ಮೆಟ್ಟಿಲು, ಈ ಸಲ ನಡುವೆ ಹೊಂಡ. ಮೊದಲು ಅಭ್ಯಾಸ, ಬಳಿಕ ಪರೀಕ್ಷೆ. ಒಂದು ಶಬ್ದವೂ ಇಲ್ಲದೆ ಪಾಠ ಮುಗಿಯಿತು. ನಮಗೆ ಕಲಿಸಿದವರಲ್ಲಿ ಹಲವರು ಅಭ್ಯಾಸ ಬಿಟ್ಟು ನೇರ ಪರೀಕ್ಷೆಗೇ ಕೈಹಾಕುತ್ತಿದ್ದರು, ಇರಲಿ.

ಆ ಜಿಗಿತದ ರುಚಿಯೇ ಬೇರೆ. ಗುಂಡಿಯನ್ನು ಮುಟ್ಟಿ ಬಿಟ್ಟರೆ ಸಣ್ಣ ಜಿಗಿತ, ಒತ್ತಿ ಹಿಡಿದರೆ ದೊಡ್ಡದು, ಓಡಿ ಬಂದು ಹಾರಿದರೆ ಇನ್ನೂ ಎತ್ತರ. ಗಾಳಿಯಲ್ಲಿರುವಾಗಲೂ ತುಸು ಆಚೀಚೆ ಸರಿಯಬಹುದು. ಹೀಗಾಗಿ ಬಿದ್ದಾಗ ಆಟವನ್ನು ಬೈಯಲು ಬಾಯಿ ಬರುವುದಿಲ್ಲ. ತಪ್ಪು ನಮ್ಮ ಬೆರಳಿನದೇ ಎಂದು ಗೊತ್ತಿರುತ್ತದೆ. ಎರಡನೆಯ ಹಂತದ ನೆಲಮಾಳಿಗೆಯಲ್ಲಿ ಛಾವಣಿಯ ಮೇಲೇರಿ ಓಡಿದರೆ ಎರಡು, ಮೂರು, ನಾಲ್ಕನೆಯ ಲೋಕಗಳಿಗೆ ಒಯ್ಯುವ ಕೊಳವೆಗಳಿವೆಯೆಂದು ಅಣ್ಣನು ಒಂದು ರಾತ್ರಿ ಕಂಡುಹಿಡಿದು ನಮ್ಮನ್ನು ನಿದ್ದೆಯಿಂದ ಎಬ್ಬಿಸಿದ್ದನು. ಅವ್ವ ಒಳಗಿನಿಂದ ಕೇಳುತ್ತಿದ್ದಳು: “ಆ ಮೀಸಿಯವ ಮತ್ತ ಬಿದ್ದನೇನೋ, ತಮ್ಮಾ?”

ಒಂದು ಮರುಕ ಮಾತ್ರ ಉಳಿದಿದೆ. ಜೀವಗಳೆಲ್ಲ ತೀರಿದ ಮೇಲೆ ಎ ಗುಂಡಿಯನ್ನು ಹಿಡಿದು ಸ್ಟಾರ್ಟ್ ಒತ್ತಿದರೆ, ಸತ್ತ ಲೋಕದ ಮೊದಲ ಹಂತದಿಂದಲೇ ಆಟ ಮುಂದುವರಿಯುತ್ತಿತ್ತಂತೆ. ಇದು ತಿಳಿಯದೆ ನಾವು ವರ್ಷಗಟ್ಟಲೆ ಮೊದಲ ಲೋಕದಿಂದ ನಡೆದು ಬಂದೆವು. ಕರೆಂಟು ಹೋದರಂತೂ ಯಾವ ಗುಂಡಿಯೂ ನಡೆಯುತ್ತಿರಲಿಲ್ಲ.

ಬೇಸರದ ಪಟ್ಟಿಯ ಮೊದಲಲ್ಲಿ ಒಂದು ಕ್ಯಾಸೆಟ್ಟಿದೆ. ಅದರ ಮೇಲೆ 99,99,999 ಆಟಗಳೆಂದು ಬರೆದಿತ್ತು. ಒಳಗೆ ಇದ್ದವು ಬೆರಳೆಣಿಕೆಯ ಆಟಗಳು. ಅವನ್ನೇ ಹೆಸರು ತಿರುವಿ, ಆರಂಭದ ಹಂತ ಬದಲಿಸಿ, ಮತ್ತೆ ಮತ್ತೆ ಸಾಲುಹಚ್ಚಿದ್ದರು. ನಾವು ಒಂದು ಇಡೀ ಭಾನುವಾರ ಪಟ್ಟಿಯನ್ನು ಕೆಳಗೆ ಸರಿಸುತ್ತ ಹೊಸ ಆಟಕ್ಕಾಗಿ ಹುಡುಕಿದೆವು. ಸಂಖ್ಯೆಯ ಮೇಲಿನ ನಮ್ಮ ನಂಬಿಕೆ ಅಂದೇ ಸಡಿಲಾಯಿತು.

ಎರಡನೆಯದು ‘ಐಸ್ ಕ್ಲೈಂಬರ್’. ಅದೂ 1985ರದೇ, ಅದೇ ಕಂಪನಿಯದೇ. ಹಿಮದ ಬೆಟ್ಟ, ಸುತ್ತಿಗೆ ಹಿಡಿದ ಇಬ್ಬರು ಮಕ್ಕಳು, ಇಬ್ಬರು ಕೂಡಿ ಆಡುವ ಸೌಕರ್ಯ. ನೋಟಕ್ಕೆ ಎಲ್ಲವೂ ಚೆಂದ. ಆದರೆ ಜಿಗಿದರೆ ಮಗು ಮೇಲಕ್ಕೆ ಹೋಗುತ್ತದೆ, ಪಕ್ಕಕ್ಕೆ ಸರಿಯುವುದು ತೀರ ಕಡಿಮೆ. ಕಾಲು ಕಟ್ಟೆಗೆ ಮುಟ್ಟಿತೆಂದು ಕಣ್ಣು ಹೇಳುತ್ತದೆ, ಇಲ್ಲವೆಂದು ಆಟ ಹೇಳುತ್ತದೆ. ಅಣ್ಣನೂ ನಾವೂ ಆ ಆಟದಲ್ಲಿ ಜಗಳವಾಡಿದಷ್ಟು ಹೊಲದ ಬದುವಿಗೂ ಜಗಳವಾಡಿಲ್ಲ.

ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ‘ಡೇಂಜರಸ್ ಡೇವ್’ ದೊರೆಯಿತು: ಹತ್ತು ಹಂತ, ಹಂತಕ್ಕೊಂದು ಬಂಗಾರದ ಬಟ್ಟಲು, ಬಟ್ಟಲು ಹಿಡಿಯದೆ ಬಾಗಿಲು ತೆರೆಯದು. ಒರಟು ಆಟ, ಪ್ರಾಮಾಣಿಕ ಆಟ. ಅದಕ್ಕಿಂತ ಮನಸ್ಸಿನಲ್ಲಿ ನಿಂತದ್ದು 1989ರ ‘ಪ್ರಿನ್ಸ್ ಆಫ್ ಪರ್ಶಿಯಾ’. ಜೋರ್ಡನ್ ಮೆಕ್ನರ್ ಎಂಬ ತರುಣ ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ಚಿತ್ರ ತೆಗೆದು, ಅದರ ಮೇಲೆ ರಾಜಕುಮಾರನ ಚಲನೆಯನ್ನು ತಿದ್ದಿದನು. ಆದಕಾರಣ ಈ ರಾಜಕುಮಾರ ಮಾರಿಯೋನಂತೆ ಚೆಂಡಲ್ಲ. ಅವನಿಗೆ ಮೈಭಾರವಿದೆ, ಅಂಚು ಹಿಡಿದು ಜೋತಾಡುತ್ತಾನೆ. ಅರವತ್ತು ನಿಮಿಷದೊಳಗೆ ಕೆಲಸ ಮುಗಿಯಬೇಕು. ನಡುವೆ ಕನ್ನಡಿಯಿಂದ ಅವನದೇ ನೆರಳು ಹೊರಬಂದು ವೈರಿಯಾಗುತ್ತದೆ. ಕೊನೆಗೆ ಎದುರಾದ ನೆರಳಿಗೆ ಹೊಡೆದರೆ ಪೆಟ್ಟು ತನಗೇ. ಕತ್ತಿಯನ್ನು ಒರೆಗೆ ಸೇರಿಸಿದರೆ ಮಾತ್ರ ದಾರಿ. ಇದನ್ನು ಅಣ್ಣನಿಗೆ ತೋರಿಸಬೇಕೆಂದು ನಮಗೆ ಬಹಳ ಆಸೆಯಿತ್ತು.

ತೋರಿಸಲಾಗಲಿಲ್ಲ. 2004ರಲ್ಲಿ ಪಾವರ್‌ಲೂಮಿನ ಹಲ್ಲಿಗೆ ಸಿಕ್ಕಿ ಅಣ್ಣನ ಬಲಗೈ ಹೆಬ್ಬೆರಳು ಅರ್ಧಕ್ಕೆ ಹೋಯಿತು. ಕಾರಖಾನೆಯ ಹೆಸರು ಇಲ್ಲಿ ಬೇಡ. ಹಲ್ಲಿನ ಮೇಲಿರಬೇಕಾಗಿದ್ದ ತಗಡು ಅಂದು ಇರಲಿಲ್ಲ ಎಂದಷ್ಟೇ ಹೇಳುತ್ತೇವೆ. ಜಿಗಿತದ ಗುಂಡಿ ಇರುವುದು ಬಲ ಹೆಬ್ಬೆರಳಿನ ಕೆಳಗೆ. ಅಣ್ಣನು ಊರಿಗೆ ಮರಳಿ ಹೊಲ ನೋಡಿಕೊಂಡನು, ಟಿ.ವಿ. ಗೇಮ್ ಅಟ್ಟದ ಮೇಲೆ ಹೋಯಿತು. ಆಟದ ಮಾತು ತೆಗೆದರೆ ಎದ್ದು ದನಕ್ಕೆ ಮೇವು ಹಾಕಲು ಹೋಗುತ್ತಿದ್ದನು.

ಮೊಬೈಲ್ ಬಂದ ಮೇಲೆ ಒಂದು ಆಸೆ ಮೂಡಿತ್ತು. 2016ರ ಕೊನೆಗೆ ಐಫೋನಿಗೆ, 2017ರಲ್ಲಿ ಆಂಡ್ರಾಯ್ಡಿಗೆ ‘ಸೂಪರ್ ಮಾರಿಯೋ ರನ್’ ಬಂದಿತು; ಒಂದೇ ಬೆರಳಿನ ಆಟ. ಅಣ್ಣನ ಮಗನು ಅದನ್ನು ತಂದೆಯ ಕೈಗೆ ಕೊಟ್ಟನು. ಅದರಲ್ಲಿ ಮಾರಿಯೋ ತಾನಾಗಿಯೇ ಓಡುತ್ತಾನೆ, ನಾವು ಜಿಗಿಸುವುದಷ್ಟೇ. ಅಣ್ಣನು ಎರಡು ಹಂತ ಆಡಿ ಫೋನನ್ನು ಕೆಳಗಿಟ್ಟನು: “ಅವನಷ್ಟಕ್ಕ ಅವನೇ ಓಡಾಕತ್ತಾನ, ನಾ ಯಾಕ ಬೇಕೋ?” ಇದಕ್ಕಿಂತ ಖಚಿತವಾದ ವಿಮರ್ಶೆಯನ್ನು ನಾವು ಬರೆಯಲಾರೆವು. ಇಂಟರ್ನೆಟ್ ಇಲ್ಲದೆ ಆ ಆಟ ಏಳುವುದಿಲ್ಲವೆಂಬುದು ಬೇರೆ.

ನಮ್ಮ ಪುಣೆಯವರೇ ಕಟ್ಟಿದ ‘ರಾಜಿ’ (2020) ನಮಗೆ ಅರ್ಧ ಹೆಮ್ಮೆ, ಅರ್ಧ ಬೇಸರ ತಂದ ಆಟ. ಕಳೆದುಹೋದ ತಮ್ಮನನ್ನು ಅರಸಿ ಹೊರಟ ಅಕ್ಕನ ಕಥೆ. ಕೋಟೆ, ಗೋಡೆಚಿತ್ರ, ಬೆಳಕು ಎಲ್ಲವೂ ಕಣ್ಣಿಗೆ ಹಬ್ಬ. ಆದರೆ ಜಿಗಿತಗಳು ಮೊದಲೇ ಗೆರೆ ಎಳೆದಿಟ್ಟಂತಿವೆ, ಕಥೆಯೂ ನಡುದಾರಿಯಲ್ಲಿ ನಿಂತುಬಿಡುತ್ತದೆ. ಉಣ್ಣಲು ಕೂತವರ ಎಲೆಯನ್ನು ಸಾರಿನ ಹೊತ್ತಿಗೇ ಎತ್ತಿದಂತಾಯಿತು.

ಈಗ ದೀಪಾವಳಿಯ ಸಂಗತಿ. ಅಣ್ಣನ ಮಗನು ಲ್ಯಾಪ್‌ಟಾಪಿನಲ್ಲಿ ‘ಸೆಲೆಸ್ಟ್’ ಎಂಬ 2018ರ ಆಟ ತಂದಿದ್ದನು. ಮ್ಯಾಡಲಿನ್ ಎಂಬ ಕೆಂಪುಗೂದಲ ಹುಡುಗಿ ಒಂದು ಪರ್ವತ ಏರುತ್ತಾಳೆ. ಬಲು ಕಠಿಣ ಆಟ. ಆದರೆ ಅದರ ಒಳಗೊಂದು ಕರುಣೆಯಿದೆ. ಕಾಲು ಅಂಚನ್ನು ದಾಟಿದ ಮೇಲೂ ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ಹೊತ್ತು ಜಿಗಿತಕ್ಕೆ ಅವಕಾಶ ಉಳಿದಿರುತ್ತದೆ. ಸತ್ತರೆ ಆ ಕ್ಷಣವೇ ಅದೇ ಪರದೆಯಲ್ಲಿ ಮತ್ತೆ ನಿಲ್ಲಿಸುತ್ತದೆ. ಇನ್ನೂ ಬೇಕಾದವರಿಗೆ ಸಹಾಯದ ಏರ್ಪಾಡೊಂದಿದೆ: ಆಟದ ವೇಗವನ್ನು ನೂರರಿಂದ ಐವತ್ತರವರೆಗೆ ಹತ್ತು ಹತ್ತಾಗಿ ಇಳಿಸಬಹುದು. ಜಿಗಿಯುವುದು ಮಾತ್ರ ನಾವೇ.

ಹುಡುಗನು ವೇಗವನ್ನು ಎಪ್ಪತ್ತಕ್ಕೆ ಇಳಿಸಿದನು, ಜಿಗಿತವನ್ನು ಹೆಬ್ಬೆರಳಿನಿಂದ ತೋರುಬೆರಳಿನ ಗುಂಡಿಗೆ ಬದಲಿಸಿದನು. ಏನೂ ಹೇಳದೆ ರಿಮೋಟನ್ನು ತಂದೆಯ ಪಕ್ಕದಲ್ಲಿಟ್ಟು ಹೊರಗೆ ಪಟಾಕಿ ಹಚ್ಚಲು ಹೋದನು. ಅಣ್ಣನು ಬಹಳ ಹೊತ್ತು ಅದನ್ನು ನೋಡುತ್ತ ಕುಳಿತನು. ನಾವು ಪತ್ರಿಕೆ ಓದುವವರಂತೆ ನಟಿಸಿದೆವು. ಬಳಿಕ ಗುಂಡಿಯ ಸಪ್ಪಳ ಕೇಳಿಸಿತು. ಬಿದ್ದನು, ಬಿದ್ದನು, ಬಿದ್ದನು. ಬೈಗುಳವೂ ಕೇಳಿಸಿತು, ಹಳೆಯ ಬೈಗುಳವೇ.

ಅವ್ವ ಕಣ್ಣು ಕಿರಿದು ಮಾಡಿ ಪರದೆ ನೋಡಿದಳು. “ಆ ಮೀಸಿಯವ ಎಲ್ಲಿ ಹೋದನೋ?”

“ಅವ ಇಲ್ಲವ್ವಾ, ಇಕಿ ಬ್ಯಾರೆ,” ಎಂದನು ಅಣ್ಣ, ಕಣ್ಣು ತೆಗೆಯದೆ.

ಮರುದಿನ ಬೆಳಗ್ಗೆ ಲ್ಯಾಪ್‌ಟಾಪ್ ತೆರೆದು ನೋಡಿದರೆ ವೇಗ ಎಂಬತ್ತಕ್ಕೆ ಏರಿತ್ತು. ಏರಿಸಿದವರಾರೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ.