ಕನ್ನಡಕ ಹಾಕಿದರೆ ಕೈ ಏಳುವುದಿಲ್ಲ

ಲಕ್ವ ಹೊಡೆದು ಬಲಗೈ ಬಿದ್ದುಹೋದವರ ಮನೆಯಲ್ಲಿ ಮೊದಲ ಸಂಕಟ ಊಟದ ಹೊತ್ತಿನದು. ಅರವತ್ತು ವರ್ಷ ಮುದ್ದೆ ಮುರಿದ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತದೆ. ಎಡಗೈಯಲ್ಲಿ ಉಣ್ಣಲು ನಾಚಿ, ಎಲ್ಲರೂ ಎದ್ದುಹೋದ ಮೇಲೆ ತಟ್ಟೆಯ ಮುಂದೆ ಕೂರುವವರಿದ್ದಾರೆ. ಆ ಕೈಯನ್ನು ಎಬ್ಬಿಸುತ್ತೇವೆಂದು ಈಗ ಹೊಸ ಸರಕೊಂದು ಬಂದಿದೆ: ವರ್ಚುವಲ್ ರಿಯಾಲಿಟಿ. ಕಣ್ಣಿಗೆ ಹೆಡ್‌ಸೆಟ್ ಕಟ್ಟಿ, ಇಲ್ಲವೇ ಪರದೆಯೆದುರು ಕೂರಿಸಿ, ಇಲ್ಲದ ಚೆಂಡನ್ನು ಹಿಡಿ, ಇಲ್ಲದ ಹಣ್ಣನ್ನು ಕೀಳು ಎನ್ನುವ ಚಿಕಿತ್ಸೆ. ಮಿದುಳನ್ನೇ ಹೊಸದಾಗಿ ಹೆಣೆಯುತ್ತದೆಂಬ ಪ್ರಚಾರ ಬೇರೆ. ಸಾಲ ಮಾಡಿ ಆಸ್ಪತ್ರೆಯ ಬಿಲ್ ಕಟ್ಟಿದ ಕುಟುಂಬಕ್ಕೆ ಈ ಆಸೆಯನ್ನು ಮಾರುವುದು ಅನ್ಯಾಯ.

ಈ ಉತ್ಸಾಹಕ್ಕೆ ಬೀಜ ಬಿತ್ತಿದ ಪ್ರಯೋಗಗಳಲ್ಲೊಂದು 2010ರಲ್ಲಿ ಕೆನಡಾದ ಟೊರಾಂಟೊದಿಂದ ಬಂತು. ನರತಜ್ಞ ಗುಸ್ತಾವೊ ಸಪೋಸ್ನಿಕ್ ಮತ್ತು ಸಂಗಡಿಗರು ಬರೀ 22 ರೋಗಿಗಳನ್ನು ಇಟ್ಟುಕೊಂಡು ನಡೆಸಿದ ಸಣ್ಣ ಪರೀಕ್ಷೆ ಅದು. ನಿಂಟೆಂಡೊ ವೀ ಎಂಬ ವಿಡಿಯೊ ಗೇಮ್ ಆಡಿದವರ ಕೈ ಹೆಚ್ಚು ಚುರುಕಾದಂತೆ ಕಂಡಿತು. ಆ ತಂಡಕ್ಕೆ ಸಲ್ಲಬೇಕಾದ ಗೌರವವೆಂದರೆ, ಅವರು ಅಲ್ಲಿಗೇ ನಿಲ್ಲಲಿಲ್ಲ. ಕೆನಡಾ, ಅರ್ಜೆಂಟೀನಾ, ಪೆರು, ಥಾಯ್ಲೆಂಡ್‌ಗಳ 14 ಕೇಂದ್ರಗಳಲ್ಲಿ 141 ರೋಗಿಗಳ ಮೇಲೆ ಅದನ್ನೇ ಮತ್ತೆ ಪರೀಕ್ಷಿಸಿದರು. ಎಂದಿನ ಚಿಕಿತ್ಸೆ ಎಲ್ಲರಿಗೂ ಇತ್ತು. ಅದರ ಮೇಲೆ ಎರಡು ವಾರ, ಹತ್ತು ಸಲ, ಒಂದೊಂದು ಗಂಟೆ ಒಂದು ಗುಂಪಿಗೆ ವೀ, ಇನ್ನೊಂದು ಗುಂಪಿಗೆ ಇಸ್ಪೀಟು, ಬಿಂಗೊ, ಜೆಂಗಾ, ಚೆಂಡಾಟ. 2016ರಲ್ಲಿ ‘ಲ್ಯಾನ್ಸೆಟ್ ನ್ಯೂರಾಲಜಿ’ಯಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿನವರ ಕೈ ಸುಧಾರಿಸಿತ್ತು. ಯಂತ್ರ ಒಂದು ಕೂದಲೆಳೆಯಷ್ಟೂ ಮುಂದೆ ಹೋಗಿರಲಿಲ್ಲ.

ಇಸ್ಪೀಟು! ಜಗಲಿಯ ಮೇಲೆ ಪುಕ್ಕಟೆ ಸಿಗುವ ಆಟ.

ಮರುವರ್ಷ ನಾರ್ವೆ, ಡೆನ್ಮಾರ್ಕ್, ಬೆಲ್ಜಿಯಂಗಳಲ್ಲಿ 120 ರೋಗಿಗಳ ಮೇಲೆ ನಡೆದ ಪ್ರಯೋಗವೂ ಇದನ್ನೇ ಹೇಳಿತು: ಅಷ್ಟೇ ಹೊತ್ತು ಮಾಮೂಲಿ ಚಿಕಿತ್ಸೆ ಕೊಟ್ಟರೆ ಫಲ ಒಂದೇ. ಅವೆಲ್ಲ ಹಳೆಯ ಯಂತ್ರಗಳು, ಈಗಿನವು ಬೇರೆ ಎನ್ನುತ್ತಾರೆ ವ್ಯಾಪಾರಿಗಳು. 2025ರ ಕಾಕ್ರೇನ್ ವಿಮರ್ಶೆಯನ್ನೂ ಎತ್ತಿ ತೋರಿಸುತ್ತಾರೆ. 190 ಪ್ರಯೋಗ, ಏಳು ಸಾವಿರಕ್ಕೂ ಮಿಕ್ಕಿ ರೋಗಿಗಳನ್ನು ಜರಡಿ ಹಿಡಿದ ಆ ವಿಮರ್ಶೆಗೆ ಬೇರೆ ಚಿಕಿತ್ಸೆಗಳೆದುರು ಕಂಡದ್ದು ‘ತುಸು’ ಲಾಭ. ಈ ‘ತುಸು’ ಎಂಬ ಮಾತು ಪ್ರಚಾರಕ್ಕೆ ಬರುವಷ್ಟರಲ್ಲಿ ಎಲ್ಲಿ ಕರಗಿಹೋಗುತ್ತದೆ?

ಕೈ ಏಳಬೇಕಾದರೆ ಬೇಕಾದದ್ದು ಚಲನೆಗಳ ಎಣಿಕೆ. 2009ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಸಂಶೋಧಕಿ ಕ್ಯಾಥರೀನ್ ಲ್ಯಾಂಗ್ ಮತ್ತಿತರರು 312 ಚಿಕಿತ್ಸಾ ಅವಧಿಗಳಲ್ಲಿ ಪಕ್ಕದಲ್ಲೇ ಕೂತು ಎಣಿಸಿದರು. ಕೈಯಿಂದ ಉಪಯುಕ್ತ ಕೆಲಸ ಮಾಡಿಸಿದ ಅವಧಿಗಳಲ್ಲೂ ರೋಗಿ ಅಂಥ ಚಲನೆ ಮಾಡಿದ್ದು ಅವಧಿಗೆ ಸರಾಸರಿ 32 ಸಲ. ಮಿದುಳಿಗೆ ಪೆಟ್ಟಾದ ಮಂಗ, ಇಲಿಗಳ ಪ್ರಯೋಗಗಳಲ್ಲಿ ನರಮಂಡಲ ಬದಲಾಗಲು ದಿನಕ್ಕೆ ನೂರಾರು ಸಲ ಆ ಚಲನೆ ಬೇಕಾಗಿತ್ತು. ಮನುಷ್ಯರಿಗೆ 32! ಈ ಲೆಕ್ಕವನ್ನು ಬಿಟ್ಟು ಹೆಡ್‌ಸೆಟ್‌ನ ಚಿತ್ರ ಎಷ್ಟು ಸ್ಪಷ್ಟ ಎಂದು ಚರ್ಚಿಸುವುದು ಬಾವಿಯಲ್ಲಿ ನೀರಿಲ್ಲದಾಗ ಹಗ್ಗದ ಬಣ್ಣ ನೋಡಿದಂತೆ.

ಆ ಎಣಿಕೆಗೆ ಯಂತ್ರವೇ ಬೇಕಿಲ್ಲ. ಹಿತಕಿದ ಅವರೆಯನ್ನೇ ನೋಡಿ. ನೆನೆದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಬೇಕು, ಸಿಪ್ಪೆ ಜಾರಬೇಕು, ಕಾಳು ಬೋಗುಣಿಗೆ ಬೀಳಬೇಕು. ಲಕ್ವದ ನಂತರ ಮರಳಿ ಬರಲು ಸತಾಯಿಸುವ ಹಿಡಿತ ಅದೇ. ಒಂದು ಬೋಗುಣಿಯಲ್ಲಿ ಅಂಥ ನೂರಾರು ಒತ್ತುಗಳಿವೆ. ಕಾಳಿಗೆ ತೂಕವಿದೆ, ನುಣುಪಿದೆ, ತಪ್ಪಿದರೆ ಜಾರಿಹೋಗುತ್ತದೆ, ಬೆರಳಿಗೆ ಆ ತಪ್ಪು ತಿಳಿಯುತ್ತದೆ. ಪರದೆಯ ಲೋಟಕ್ಕೆ ತೂಕವೂ ಇಲ್ಲ, ಬಿಸಿಯೂ ಇಲ್ಲ. ಅಳಗುಳಿಮನೆಯ ಹುಣಸೆಬೀಜಕ್ಕೂ ಚೌಕಾಬಾರದ ಕವಡೆಗೂ ಅವರೆಕಾಳಿನ ಇದೇ ಗುಣವಿದೆ.

ಹಾಗೆಂದು ಎಲ್ಲವನ್ನೂ ಮನೆಯವರ ತಲೆಗೆ ಕಟ್ಟುವಂತಿಲ್ಲ. ಭಾರತದ 14 ಆಸ್ಪತ್ರೆಗಳ 1250 ರೋಗಿಗಳ ಮೇಲೆ ನಡೆದ ‘ಅಟೆಂಡ್’ ಪ್ರಯೋಗದಲ್ಲಿ ಕುಟುಂಬದವರಿಗೆ ತರಬೇತಿ ಕೊಟ್ಟು ಮನೆಗೆ ಕಳಿಸಲಾಯಿತು. 2017ರಲ್ಲಿ ಬಂದ ಫಲಿತಾಂಶದ ಪ್ರಕಾರ ಅದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ. ಕೂಲಿಗೆ ಹೋಗುವ ಮಗಳು ಥೆರಪಿಸ್ಟ್ ಆಗಲಾರಳು. ಬಲ್ಲವರು ಪಕ್ಕದಲ್ಲಿ ಬೇಕು, ದಿನವೂ ಬೇಕು.

ಆ ಬಲ್ಲವರಿಗೆ ಈ ದೇಶ ಕೊಡುತ್ತಿರುವ ಮರ್ಯಾದೆ ಎಂಥದ್ದು? 2025ರ ಸೆಪ್ಟೆಂಬರ್‌ನಲ್ಲಿ ಫಿಸಿಯೋಥೆರಪಿಸ್ಟ್‌ಗಳು ಹೆಸರಿನ ಹಿಂದೆ ‘ಡಾ.’ ಬರೆಯಕೂಡದೆಂದು ದೆಹಲಿಯಿಂದ ಪತ್ರ ಹೊರಟಿತು, ಮರುದಿನವೇ ವಾಪಸಾಯಿತು. ಒಂದಕ್ಷರದ ಜಗಳಕ್ಕೆ ಸಿಕ್ಕಿದ ತುರ್ತು, ಜಿಲ್ಲಾಸ್ಪತ್ರೆಯಲ್ಲಿ ಒಬ್ಬ ಥೆರಪಿಸ್ಟ್ ದಿನಕ್ಕೆ ಎಷ್ಟು ಕೈಗಳನ್ನು ಹಿಡಿದು ಎತ್ತಬೇಕು ಎಂಬ ಪ್ರಶ್ನೆಗೆ ಎಂದೂ ಸಿಕ್ಕಿಲ್ಲ. ಯಂತ್ರ ಬಂದರೆ ರಿಬ್ಬನ್ ಕತ್ತರಿಸಬಹುದು, ಫೋಟೊ ತೆಗೆಸಬಹುದು. ಮನುಷ್ಯರನ್ನು ನೇಮಿಸಿದರೆ ತಿಂಗಳು ತಿಂಗಳೂ ಸಂಬಳ ಕೊಡಬೇಕು. ಈ ಲೆಕ್ಕಾಚಾರ ನಮ್ಮ ಇಡೀ ಆರೋಗ್ಯ ವ್ಯವಸ್ಥೆಗೆ ಹಿಡಿದ ಲಕ್ವ.

ಮನುಷ್ಯರ ಮೇಲೆ ಹಣ ಹಾಕಿದವರೂ ಇದ್ದಾರೆ. ಲಂಡನ್ನಿನ ಕ್ವೀನ್ ಸ್ಕ್ವೇರ್‌ನ ಆಸ್ಪತ್ರೆಯಲ್ಲಿ ನರತಜ್ಞ ನಿಕ್ ವಾರ್ಡ್ ಅವರ ತಂಡ ಮೂರು ವಾರಗಳಲ್ಲಿ 90 ಗಂಟೆ ಬರೀ ಕೈಗಾಗಿಯೇ ದುಡಿಯುತ್ತದೆ. 2019ರಲ್ಲಿ ಅವರು 224 ರೋಗಿಗಳ ಫಲಿತಾಂಶ ಪ್ರಕಟಿಸಿದರು. ಪಾರ್ಶ್ವವಾಯುವಾಗಿ ವರ್ಷ ಕಳೆದು, ಇನ್ನೇನೂ ಆಗದೆಂದು ಕೈಬಿಟ್ಟವರೂ ಅವರಲ್ಲಿದ್ದರು. ಬಂದ ಸುಧಾರಣೆ ಆರು ತಿಂಗಳ ನಂತರವೂ ಉಳಿದಿತ್ತು.

ಆದ್ದರಿಂದ ಹೆಡ್‌ಸೆಟ್‌ನ ಪ್ಯಾಕೇಜ್ ತೋರಿಸುವ ಕೌಂಟರಿನಲ್ಲಿ ರೋಗಿಯ ಕಡೆಯವರು ಒಂದೇ ಪ್ರಶ್ನೆ ಕೇಳಲಿ: ಒಂದು ಅವಧಿಯಲ್ಲಿ ಇವರ ಕೈ ಎಷ್ಟು ಸಲ ಕೆಲಸ ಮಾಡುತ್ತದೆ, ಯಾರು ಎಣಿಸುತ್ತಾರೆ? ಉತ್ತರ 32ರ ಆಸುಪಾಸಿನಲ್ಲಿದ್ದರೆ ಆ ಹಣವನ್ನು ಮನೆಗೆ ಬಂದು ಕೈ ಹಿಡಿಯುವ ಥೆರಪಿಸ್ಟ್‌ಗೆ ಕೊಡಲಿ, ಬರುವ ದಾರಿಯಲ್ಲಿ ಸಂತೆಯಿಂದ ಎರಡು ಸೇರು ಅವರೆಕಾಯಿ ತರಲಿ.